ಭಾವನವರ ತಂಗಡಿ ಎಲೆ

ಹಾಲು ಕಾಯುವ ಮೊದಲೇ ಅತ್ತೆಯ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದು ನನ್ನ ದಿನದ ಮೊದಲ ಕೆಲಸ. ಆಮೇಲೆ ತಿಂಡಿ, ಮಾತ್ರೆ, ಸಕ್ಕರೆಯಿಲ್ಲದ ಕಾಫಿ. ಆ ಬೆಳಿಗ್ಗೆ ಹಿಂದಿನ ದಿನಕ್ಕಿಂತಲೂ ಏರಿತ್ತು. ಏರದೆ ಏನು? ದಾಸವಾಳದ ಕುಂಡಕ್ಕೆ ನೀರು ಹಾಕಲು ಹೋದಾಗ ಮಣ್ಣಿನ ಮೇಲೆ ಅರ್ಧ ಕರಗಿದ ಮಾತ್ರೆಗಳು ಕಂಡವು. ಎರಡು ದಿನದಿಂದ ನಾನು ಬೆನ್ನು ತಿರುಗಿಸಿದ ಕೂಡಲೇ ಅಲ್ಲಿ ಉಗಿಯುತ್ತಿದ್ದರು.

“ಮಾತ್ರೆ ಬ್ಯಾಡ ಕಣಮ್ಮ,” ಎಂದರು, ಸಿಕ್ಕಿಬಿದ್ದ ನಾಚಿಕೆಯೂ ಇಲ್ಲದೆ. “ದೊಡ್ಡೋನು ಯೋಳವ್ನೆ. ಇವತ್ತು ಸಂಜೆಯಿಂದ ಅವನ ಎಲೆ ನೀರೇ ಕುಡಿಯಾದು. ಇಲಿಗಳ್ಗೆಲ್ಲ ಸಕ್ಕರೆ ಇಳಿದೋಗ್ತದಂತೆ.”

ದೊಡ್ಡವನೆಂದರೆ ನನ್ನ ಗಂಡನ ಅಣ್ಣ. ಬಂಗಾರಪೇಟೆಯಾಚೆ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೇಷ್ಟ್ರು. ಇಲಿಗಳಿಗೆ ಸೂಜಿಮದ್ದಿನಿಂದ ಸಕ್ಕರೆ ಕಾಯಿಲೆ ಬರಿಸಿ, ತಂಗಡಿ ಎಲೆಯ ಸಾರ ಕುಡಿಸಿ, ಇಳಿಯಿತೇ ಎಂದು ನೋಡುವುದು ಅವರ ಸಂಶೋಧನೆ. ಎಲೆ ಬಿಡಿಸಿದ್ದು, ತೊಳೆದದ್ದು, ನೆರಳಲ್ಲಿ ಒಣಗಿಸಿ ಪುಡಿ ಮಾಡಿದ್ದು ನಾನು. ಮಾತಾಡುವ ಭಾಗವನ್ನು ಅವರು ಇಟ್ಟುಕೊಂಡರು.

ಕ್ಯಾಸಂಬಳ್ಳಿ ಕಡೆ ಹೊಲದ ಬದುಗಳಲ್ಲಿ ಹಳದಿ ಹೂವಿನ ತಂಗಡಿ ಗಿಡ ಬೇಕಾದಷ್ಟಿದೆ. ಅಲ್ಲಿಗೆ ಹೋದರೆ ಪ್ಯಾಂಟಿನ ಇಸ್ತ್ರಿ ಕೆಡುತ್ತದೆಂದೋ ಏನೋ, ಭಾವ ನಮ್ಮ ಮನೆಯ ಹಿಂದಿನ ಸೈನೈಡ್ ದಿಬ್ಬದ ಬುಡದಲ್ಲೇ ಕಿತ್ತು ತಂದಿದ್ದರು. ಅದಿರು ಅರೆದು ಸೈನೈಡ್ ವಿಷದಿಂದ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣಿನ ಗುಡ್ಡ ಅದು. ಗಾಳಿ ಎದ್ದರೆ ಕಿಟಕಿ ಹಾಕಿ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚುವವರು ನಾವು. ಅಲ್ಲಿ ಯಾರೂ ಒಂದು ಹಿಡಿ ಸೊಪ್ಪು ಕೊಯ್ಯುವುದಿಲ್ಲ. ಮೂರು ನೀರಲ್ಲಿ ತೊಳೆದರೂ ಎಲೆ ಹರಡಿದ್ದ ಹಳೆಯ ಸೀರೆಯ ಮೇಲೆ ಬೂದು ಹುಡಿ ಉಳಿದಿತ್ತು. ತೋರಿಸಿದ್ದೆ.

“ಧೂಳೆಲ್ಲ ನೋಡ್ತಾ ಕೂತ್ರೆ ಸೈನ್ಸ್ ಆಗಲ್ಲಮ್ಮಾ,” ಎಂದು ನಕ್ಕು, ಅತ್ತೆಯ ಕಡೆ ತಿರುಗಿದ್ದರು. “ಇದು ಆ್ಯಂಟಿಆಕ್ಸಿಡೆಂಟ್ ಅಮ್ಮಾ. ಮೈ ತುಕ್ಕು ಹಿಡಿಯೋದನ್ನೇ ತಡೆಯುತ್ತೆ.” ಅವರ ಹೆಗಲಾಚೆ, ಕಿಟಕಿಯಲ್ಲಿ, ಮುಚ್ಚಿಹೋದ ಮೈಸೂರು ಮೈನ್ಸ್ ಗಣಿಯ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿತ್ತು. ಅದಕ್ಕೂ ಎರಡು ಚಮಚ ಕುಡಿಸಿ ಎನ್ನಬೇಕೆನಿಸಿತ್ತು.

ಕುಂಡದಲ್ಲಿ ಮಾತ್ರೆ ಕಂಡ ಆ ದಿನವೇ ಇನ್ನೊಂದು ಪುಡಿಯ ಡಬ್ಬಿ ಹೊತ್ತು ಬಸ್ಸಿನಲ್ಲಿ ಕಾಲೇಜಿಗೆ ಹೋದೆ. ಡಬ್ಬಿ ಹೊರುವುದು ಮೇಷ್ಟ್ರ ಘನತೆಗೆ ಕಮ್ಮಿ. ಇಲಿಗಳ ಕೋಣೆಯನ್ನು ಅವರು ಅರಮನೆ ತೋರಿಸುವವರಂತೆ ತೋರಿಸಿದರು. ಎಡಗಡೆ ಪಂಜರದ ಇಲಿಗಳಿಗೆ ಬರೀ ನೀರು, ಬಲಗಡೆಯವಕ್ಕೆ ಎಲೆಯ ಸಾರ. ಬಾಲದ ತುದಿಯಿಂದ ಒಂದು ಹನಿ ರಕ್ತ, ಮನೆಯಲ್ಲಿರುವಂಥದೇ ಮೆಷಿನ್ನು. “ನೋಡು, ಹೆಂಗೆ ಇಳಿದಿದೆ!”

ನಾನು ಇಲಿಗಳನ್ನು ನೋಡುತ್ತಿದ್ದೆ. ಎಡಗಡೆ ತಿಂಡಿಯ ಉಂಡೆಗಳು ಸವೆದು ಪುಡಿಯಾಗಿದ್ದವು. ಬಲಗಡೆ ಒಂದರ ಅಂಚಿಗೂ ಹಲ್ಲು ತಾಕಿರಲಿಲ್ಲ. ಆ ಇಲಿಗಳು ಕೂದಲು ಕೆದರಿಕೊಂಡು, ಬೆನ್ನು ಗೂನಾಗಿ, ಒಂದಕ್ಕೊಂದು ಒತ್ತಿಕೊಂಡಿದ್ದವು.

“ಭಾವ, ಇವು ತಿಂತಾನೇ ಇಲ್ವಲ್ಲ.”

“ತಿಂತವಮ್ಮಾ. ಬರೆದಿದೀನಲ್ಲ.”

ಗೋಡೆಗೆ ನೇತುಹಾಕಿದ್ದ ಪುಸ್ತಕದಲ್ಲಿ, ತಿಂದ ತಿಂಡಿಯ ತೂಕದ ಸಾಲಿನಲ್ಲಿ, ಎರಡೂ ಪಂಜರಕ್ಕೆ ಮೇಲಿಂದ ಕೆಳಗೆ ಒಂದೇ ಅಂಕಿ. ಕೊನೆಕೊನೆಗೆ ಅಂಕಿ ಬರೆಯುವುದಕ್ಕೂ ಬೇಜಾರಾಗಿ ಮೇಲಿನದೇ ಎನ್ನುವ ಎರಡು ಗೀಟು.

“ತೂಗ್ಲಿಲ್ವಾ?”

“ದಿನಾ ಯಾರಮ್ಮ ತೂಗ್ತಾರೆ? ಇಲಿ ತಿನ್ನೋದು ಇಲಿ ತಿನ್ನೋಷ್ಟೇ.”

ಕಾನ್ವೆಂಟಿನಲ್ಲಿ ನಮ್ಮ ವಿಜ್ಞಾನದ ಸಿಸ್ಟರ್, ಮೊಳಕೆ ಬಾರದ ಹೆಸರುಕಾಳನ್ನು ಬಂತೆಂದು ಬರೆದ ಹುಡುಗಿಯೊಬ್ಬಳನ್ನು ಪೂರ್ತಿ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಹುಡುಗಿ ನಾನೇ. ನನಗಾಗ ಹನ್ನೊಂದು ವರ್ಷ. ಭಾವನವರಿಗೆ ಐವತ್ತು ದಾಟಿದೆ, ಹೆಸರಿನ ಮುಂದೆ ಡಾಕ್ಟರ್ ಸೇರಲು ಇನ್ನೊಂದು ಪ್ರಬಂಧ ಬಾಕಿ.

ಹೊರಡುವಾಗ ಅಮ್ಮನಿಗೆಂದು ಹಸಿರು ನೀರಿನ ಬಾಟಲಿ ಕೊಟ್ಟರು. ಭಕ್ತಿಯಿಂದ ತೆಗೆದುಕೊಂಡೆ. ಬಂಗಾರಪೇಟೆ ಬಸ್ ನಿಲ್ದಾಣದ ಚರಂಡಿಯಲ್ಲಿ ಅಷ್ಟೇ ಭಕ್ತಿಯಿಂದ ಸುರಿದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. “ಎಲ್ಲಮ್ಮ ನನ್ ಮಗ ಕೊಟ್ಟಿದ್ದು?”

“ಚೆಲ್ಲಿಬಿಟ್ಟೆ ಅತ್ತೆ. ಅದು ಕುಡಿದ ಇಲಿಗಳು ತಿಂಡಿ ಮೂಸಿಯೂ ನೋಡ್ತಿಲ್ಲ.”

“ಮುದ್ದೆನೂ ಸೇರಾಕಿಲ್ವಾ?”

“ಇಲಿಗೆ ಸೇರದ್ದು ನಿಮಗೆ ಹೇಗೆ ಸೇರುತ್ತೆ?”

“ಮುದ್ದೆ ಬುಟ್ಟು ಬದುಕೋ ಬದುಕು ಯಾರಿಗ್ ಬೇಕು? ತತ್ತಾ ಆ ಮಾತ್ರೆ.” ಊಟದ ಮೇಲೆ ನನ್ನೆದುರೇ ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕೊತ್ತಂಬರಿ ಕೇಳಲು ಬಂದಳು. ಅವಳಿಗೂ ಸಕ್ಕರೆ ಕಾಯಿಲೆ. ಇಲಿಗಳ ಕತೆಯನ್ನೆಲ್ಲ ಹೇಳಿದೆ. ಕಟ್ಟಿನಿಂದ ನಾಲ್ಕು ಕಡ್ಡಿ ಬಿಡಿಸಿಕೊಳ್ಳುತ್ತ ಕೇಳಿದಳು.

“ಅಯ್ಯೋ, ಶನಿವಾರ ಒಪ್ಪೊತ್ತು ಇದ್ರೆ ನಂದೂ ಸಕ್ಕರೆ ಇಳೀತದಲ್ಲಕ್ಕಾ. ಅದಕ್ಕೆ ಕಾಲೇಜು ಯಾಕೆ?”