ಎಡಗಾಲಿಯ ನಿಂಬೆಹಣ್ಣು

ಅರವತ್ತೈದನೇ ವಯಸ್ಸಿಗೆ ನಮ್ಮಪ್ಪ ಮತ್ತೆ ಗಾಡಿ ಹತ್ತುತ್ತೇನೆಂದು ಹಟ ಹಿಡಿದ. ಮೂವತ್ತು ವರ್ಷ ಲಾರಿ ಓಡಿಸಿದವನು. ಲೋಕಾಪುರದ ಸುಣ್ಣದ ಕಲ್ಲು, ನಮ್ಮ ಬನಹಟ್ಟಿಯ ಸೀರೆಯ ಗಂಟು, ಬೀಳಗಿಯ ಜೋಳ, ಎಲ್ಲ ಹೇರಿಕೊಂಡು ತಿರುಗಿ, ಮೊಣಕಾಲು ನೋವಿಗೆ ನಾಲ್ಕು ವರ್ಷದಿಂದ ಮನೆಯಲ್ಲಿ ಕೂತಿದ್ದ. ಚಿಮ್ಮಡದ ಜಮೀನುದಾರರೊಬ್ಬರು ದೀಪಾವಳಿ ಮುಗಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ನಂಬಿಕೆಯ ಡ್ರೈವರ್ ಬೇಕು ಅಂದರಂತೆ. ಅಪ್ಪ ನನ್ನನ್ನೂ ಕೇಳದೆ, ಅವ್ವನನ್ನೂ ಕೇಳದೆ ಹೂಂ ಅಂದು ಬಂದ. ಹಿಂದೆ ಎರಡು ಟ್ರಾಲಿ, ಅವುಗಳ ಮೇಲೆ ಮನೆಯೆತ್ತರ ಕಬ್ಬು, ರಸ್ತೆಯ ಅಂಚಿಗೆ ಸೈಕಲ್ಲು, ಎಮ್ಮೆ, ಶಾಲೆಯ ಮಕ್ಕಳು. ನಾನು ಜಮಖಂಡಿಯ ಶಾಲೆಯೊಂದರಲ್ಲಿ ಮಾಸ್ತರ, ದಿನಾ ಆ ರಸ್ತೆಯಲ್ಲೇ ಬೈಕಿನ ಮೇಲೆ ಹೋಗಿಬರುವವನು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಬೈಕು ಕೆಳಗಿಳಿಸಿ ನಿಂತುಬಿಡುತ್ತೇನೆ.

ಹಂಗಾಮು ಬರುವವರೆಗೆ ಕೈ ರೂಢಿ ತಪ್ಪಬಾರದೆಂದು ಅಪ್ಪ ನನ್ನ ಕಂಪ್ಯೂಟರಿನ ಮುಂದೆ ಕೂತ. ಎಂಟು ವರ್ಷದ ಹಿಂದೆ ಆಟವಾಡಲೆಂದೇ ನಾನು ಜೋಡಿಸಿಕೊಂಡ ಯಂತ್ರ ಅದು. ಮಾಸ್ತರನಾದವನು ಇದನ್ನು ಊರಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಕೇಳಿದವರಿಗೆಲ್ಲ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಅನ್ನುತ್ತಿದ್ದೆ. ಅದರಲ್ಲೊಂದು ಲಾರಿ ಓಡಿಸುವ ಆಟ, ಮೇಜಿಗೆ ಬಿಗಿಯುವ ಸ್ಟೇರಿಂಗ್, ಕಾಲಿಗೆ ಬ್ರೇಕು, ಎಲ್ಲ ಇತ್ತು. ಅಪ್ಪ ರವಿವಾರ ಮಧ್ಯಾಹ್ನ ಊಟ ಮುಗಿಸಿ, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಯಾವುದೋ ಪರದೇಶದ ರಸ್ತೆಯಲ್ಲಿ ಲಾರಿ ಓಡಿಸುತ್ತ, ಎದುರು ಬಂದವರಿಗೆ ಅಚ್ಚ ಬಸ್‌ಸ್ಟ್ಯಾಂಡಿನ ಭಾಷೆಯಲ್ಲಿ ಬಯ್ಯುತ್ತಿದ್ದ. ನಾನು ಪಕ್ಕದಲ್ಲಿ ಕೂತು ನಗುತ್ತಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಆ ನಗು ಕಡಿಮೆಯಾಗಿತ್ತು.

"ತಮ್ಮಾ, ಪರದಾದ ಮ್ಯಾಲ ಮಂಜ ಕುಂತೈತಿ ನೋಡು. ಎಡಗಡಿ ಅಂತೂ ಏನೂ ಕಾಣವಲ್ದು," ಅಂದ ಒಂದು ದಿನ.

ಬಗ್ಗಿ ನೋಡಿದೆ. ಚಿತ್ರ ಮಂಕಾಗಿದ್ದದ್ದು ನಿಜ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಳತಾಗಿ ಬಿಸಿಯಾಗುತ್ತದೆಂದು ಚಿತ್ರದ ಗುಣಮಟ್ಟವನ್ನು ನಾನೇ ತಗ್ಗಿಸಿಟ್ಟಿದ್ದೆ; ದೂರದ ಗಿಡಗಳು ನೀರಲ್ಲಿ ಕಲಸಿದ ಹಿಟ್ಟಿನಂತೆ ಕಾಣುತ್ತಿದ್ದವು. ಆಗಾಗ ಅಡ್ಡಗೆರೆಗಳೂ ಬರುತ್ತಿದ್ದವು. ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಕಾರ್ಡಿನ ಫ್ಯಾನಿನ ತುಂಬ ನೂಲಿನ ಧೂಳು. ನಮ್ಮ ಓಣಿಯಲ್ಲಿ ಪವರ್‌ಲೂಮ್ ಇಲ್ಲದ ಮನೆ ನಮ್ಮದೊಂದೇ ಇರಬೇಕು. ಪಕ್ಕದವರು ಆಗ ನೇಯುತ್ತಿದ್ದ ಸೀರೆಯ ಕೆಂಪೇ ಆ ರೆಕ್ಕೆಗಳಿಗೂ ಮೆತ್ತಿತ್ತು. ಸಿಕ್ಕನಲ್ಲ ಕಳ್ಳ ಅಂದುಕೊಂಡೆ. ಎಡಗಡೆ ಮಾತ್ರ ಯಾಕೆ ಕಾಣುವುದಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

"ಕುಣ್ಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ," ಅವ್ವ ಅಡುಗೆಮನೆಯಿಂದ ಛೇಡಿಸಿದಳು. ಇಂಥ ಮಾತಿಗೆ ತಿರುಗಿ ಎರಡು ಮಾತು ಕೊಡುವ ಅಪ್ಪ ಅಂದು ಟವೆಲ್ಲಿನಿಂದ ಪರದೆ ಒರೆಸತೊಡಗಿದ.

ನಮ್ಮ ಮನೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ಏನೇ ಆದರೂ ಮೊದಲು ಗಾಡಿ ನೋಡಬೇಕು, ಡ್ರೈವರನನ್ನು ಆಮೇಲೆ. ಎಲ್ಲಾದರೂ ಅಪಘಾತವಾಯಿತು ಅಂದರೆ ಅಪ್ಪ "ಬ್ರೇಕ್ ಹತ್ತಿರಲಿಕ್ಕಿಲ್ಲ" ಅನ್ನುತ್ತಿದ್ದ. ಡ್ರೈವರನ ತಪ್ಪು ಎಂದು ಯಾರಾದರೂ ಬಾಯಿಬಿಟ್ಟರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದ. ಈ ಪಾಠ ನನಗೂ ಚೆನ್ನಾಗಿ ಹತ್ತಿತ್ತು. ಆ ಮಳೆಗಾಲದಲ್ಲಿ ಅಪ್ಪನ ಸ್ಕೂಟರಿನ ಎಡಗನ್ನಡಿ ಗೇಟಿಗೆ ಬಡಿದು ಒಡೆಯಿತು. ಗೇಟಿನ ತಿರುಗಣಿ ಸರಿಯಿಲ್ಲ ಅಂದೆವು. ಅವನ ಎಡಗೈ ಪಕ್ಕ ಇಟ್ಟ ಚಹಾದ ಕಪ್ಪು ಮೂರು ಸಲ ಉರುಳಿತು. ಸ್ಟೂಲಿನ ಕಾಲು ಗಿಡ್ಡ ಅಂದೆವು. ಒಂದು ಸಂಜೆ ರಬಕವಿಯ ಸಂತೆಯಿಂದ ಬಂದ ಅವ್ವ ಚೀಲ ಕೆಳಗಿಡುವ ಮೊದಲೇ ನನ್ನನ್ನು ಹಿತ್ತಲಿಗೆ ಕರೆದಳು.

"ಅವರ ಹಿಂದ ಸ್ಕೂಟರ್ ಮ್ಯಾಲ ಕುಂಡ್ರಾಕ ನನಗ ಅಂಜಿಕಿ ಬರಾಕತ್ತೈತೋ," ಅಂದಳು.

"ಗಾಲಿಗೆ ಗಾಳಿ ಕಮ್ಮಿ ಇರಬೇಕವಾ," ಅಂದೆ ನಾನು. ಎಂ.ಎಸ್ಸಿ. ಓದಿದವನು.

ಜಮಖಂಡಿಯ ಕಂಪ್ಯೂಟರ್ ಅಂಗಡಿಯವನಿಗೆ ಹೊಸ ಕಾರ್ಡ್ ತರಿಸಲು ಹೇಳಿದೆ. ಅವನು ಸಾವಧಾನದ ಮನುಷ್ಯ. "ತರಸ್ತೇನ್ರಿ ಸರ್. ಅದಕ್ಕ ತಕ್ಕಂಗ ಪವರ್ ಸಪ್ಲೈನೂ ಬದಲಿ ಮಾಡಬೇಕಾಕ್ಕೈತಿ. ಆದ್ರ ಮಂಜ ಕಾಣೂದು ಕಾರ್ಡಿಂದನ ಅಂತೀರೇನು? ಬ್ಯಾರೆದವರನ್ನ ಕೂಡಿಸಿ ನೋಡೀರೇನ್ರಿ?" ಅಂದ.

ನನಗೆ ಸಿಟ್ಟು ಬಂತು. ಎಂಟು ವರ್ಷ ಸಾಕಿದ ಯಂತ್ರದ ರೋಗ ನನಗೆ ಗೊತ್ತಿಲ್ಲವೇ ಅನ್ನುವ ಧಿಮಾಕು. "ತರಸ್ರಿ ನೀವು," ಅಂದು ಬಂದೆ. ಮೇಲಾಗಿ ನನಗೆ ಬೇಕಾದ ಕಾರ್ಡೇ ಬೇಕು, ಬೇರೆ ಬೇಡ ಎಂದು ನಾಲ್ಕು ತಿಂಗಳು ಕಾದೆ. ಅಪ್ಪನೂ ಕಾದ. ವಾರಕ್ಕೊಮ್ಮೆ "ಬಂತೇನೋ ಕಾರ್ಡ?" ಅನ್ನುತ್ತಿದ್ದ. ಅವನಿಗೆ ಅಷ್ಟೇಕೆ ಆತುರ ಎಂದು ಆಗ ತಿಳಿದಿರಲಿಲ್ಲ. ಆಟದ ಚಟ ಹತ್ತಿದೆ ಎಂದು ಶಾಲೆಯಲ್ಲಿ ಹೇಳಿಕೊಂಡು ನಕ್ಕಿದ್ದೂ ಉಂಟು.

ದಸರೆ ಕಳೆದು ಬಂದ ಕಾರ್ಡನ್ನು ರವಿವಾರ ಮಧ್ಯಾಹ್ನ ಹಾಕಲು ಕೂತೆ. ಹಳೆಯದನ್ನು ಕಿತ್ತರೆ ಅದರ ಜಾಗದಲ್ಲಿ ಕೆಂಪು ಧೂಳಿನ ಗೆರೆ. ಹೊಸದು ಗೇಣುದ್ದಕ್ಕಿಂತ ಹೆಚ್ಚು, ಡಬ್ಬಿಯೊಳಗೆ ಹಿಡಿಸಲೊಲ್ಲದು. ಅಡ್ಡ ಬರುವ ಒಂದು ತಗಡು ಬಿಚ್ಚಿ, ಹೊಸ ಪವರ್ ಸಪ್ಲೈಯ ವೈರು ಸಿಕ್ಕಿಸಿ, ಕಾರ್ಡು ಕಟ್ ಎಂದು ಕೂರುವವರೆಗೆ ಬೆವರಿಳಿದಿತ್ತು. ಪಕ್ಕದ ಮನೆಯ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಇನ್ನೇನು ಸ್ವಿಚ್ ಒತ್ತಬೇಕು, ಅಪ್ಪ ಕೈ ಹಿಡಿದ.

"ಪೂಜಿ ಇಲ್ದ ಗಾಡಿ ಚಾಲೂ ಮಾಡ್ತಾರೇನಲೇ?"

ಡಬ್ಬಿಗೆ ವಿಭೂತಿ ಬಳಿದ, ಕುಂಕುಮ ಹಚ್ಚಿದ, ಊದಿನಕಡ್ಡಿ ಬೆಳಗಿದ. ಆಮೇಲೆ ಕಿಸೆಯಿಂದ ಎರಡು ಪುಟ್ಟ ನಿಂಬೆಹಣ್ಣು ತೆಗೆದ. ಹೊಸ ಗಾಡಿ ಹೊರಡುವಾಗ ಗಾಲಿಯ ಕೆಳಗೆ ಇಟ್ಟು ಒಡೆಯುವುದಿಲ್ಲವೇ, ಹಾಗೆ. ನನ್ನ ಕಂಪ್ಯೂಟರಿಗೆ ಗಾಲಿ ಎಲ್ಲಿಂದ ಬರಬೇಕು? ಕುರ್ಚಿಗಿವೆಯಲ್ಲ ಅಂದ. ನಾನು ನಗುತ್ತ ಹಿಂದಿನಿಂದ ಕುರ್ಚಿ ವಾಲಿಸಿ ಹಿಡಿದೆ. ಅಪ್ಪ ಮೊಣಕಾಲೂರಿ ಮುಂದಿನ ಎರಡು ಗಾಲಿಗಳ ಕೆಳಗೆ ಹಣ್ಣು ಇಟ್ಟು, ದೇವರ ಹೆಸರು ಹೇಳಿ ಧಪ್ಪನೆ ಕೂತ. ಪಚ್ ಎಂದಿತು.

"ಎರಡೂ ಒಡದ್ವು. ಛಲೋ ಆತು," ಅಂದ.

ಬಲಗಡೆಯದು ಒಡೆದು ರಸ ಹರಿದಿತ್ತು. ಎಡಗಡೆಯದು ಗಾಲಿಯಿಂದ ನಾಲ್ಕು ಬೆರಳು ಆಚೆ, ಹಾಗೇ ಇಡಿಯಾಗಿ ಕೂತಿತ್ತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಡೆಯದ ನಿಂಬೆಹಣ್ಣು ಅಪಶಕುನ ಎಂದು ನಮ್ಮ ಕಡೆ ಕೂಸಿಗೂ ಗೊತ್ತು, ಆದರೆ ಅವ್ವನ ಮುಖದ ಬಣ್ಣ ಇಳಿದದ್ದು ಶಕುನಕ್ಕಲ್ಲ. ನಾನು ಏನೋ ಸ್ಕ್ರೂ ಬಿದ್ದಂತೆ ಬಗ್ಗಿ ಹಣ್ಣನ್ನು ಎತ್ತಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡೆ.

"ಹೂಂ ಅಪ್ಪಾ, ಎರಡೂ ಒಡದ್ವು," ಅಂದೆ.

ಪರದೆ ಬೆಳಗಿತು. ಚಿತ್ರದ ಗುಣಮಟ್ಟ ಪೂರ್ತಿ ಏರಿಸಿದೆ. ಅಂಥ ಸ್ಪಷ್ಟತೆಯನ್ನು ಆ ಪರದೆಯಲ್ಲಿ ನಾನೆಂದೂ ಕಂಡಿರಲಿಲ್ಲ. ರಸ್ತೆ ಬದಿಯ ಹುಲ್ಲಿನ ಎಳೆ, ಮೈಲಿಗಲ್ಲಿನ ಅಂಕಿ, ದೂರದ ಗುಡ್ಡದ ಮೇಲಿನ ಒಂಟಿ ಗಿಡ, ಎಲ್ಲ ತೊಳೆದಿಟ್ಟಂತೆ. ಮಂಜು ಎಂಬುದು ಎಲ್ಲಿಯೂ ಇರಲಿಲ್ಲ. ಅಪ್ಪ ಸ್ಟೇರಿಂಗ್ ಹಿಡಿದು ಗೇರು ಹಾಕಿದ. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಹೋದ. ಮುಂದೆ ಒಂದು ಕೂಡುರಸ್ತೆ. ಎಡಗಡೆಯಿಂದ ಕೆಂಪು ಕಾರೊಂದು ಬರುತ್ತಿದ್ದುದು ನನಗೆ ಎಷ್ಟೋ ದೂರದಿಂದ ಕಂಡಿತು. ಈಗ ಬ್ರೇಕು ಒತ್ತುತ್ತಾನೆ, ಈಗ ಒತ್ತುತ್ತಾನೆ ಎಂದು ಕಾದೆ. ಅಪ್ಪ ಒತ್ತಲಿಲ್ಲ. ಲಾರಿ ಕಾರಿನ ಮೇಲೆ ಹೋಯಿತು.

"ಎಲ್ಲಿಂದ ಬಂತದು?" ಅಂದ.

ಅಲ್ಲಿಂದಲೇ ಮತ್ತೆ ಶುರು ಮಾಡಿದ. ಈ ಸಲ ಎಡಕ್ಕಿದ್ದ ಕಂಬ. ಮೂರನೇ ಸಲ ಒಂದು ಬಸ್ಸು. ಬಸ್ಸು, ಮನೆಯಷ್ಟು ದೊಡ್ಡದು. ನಾನು ಪಕ್ಕದಲ್ಲಿ ಕೂತು ಆ ರಸ್ತೆಯ ಜಾಗದಲ್ಲಿ ಚಿಮ್ಮಡದ ರಸ್ತೆ ಕಾಣತೊಡಗಿದ್ದೆ. ಅದರ ಎಡ ಅಂಚಿಗೆ ಚೀಲ ಹೊತ್ತು ಹೋಗುವ ನನ್ನ ಶಾಲೆಯ ಮಕ್ಕಳು. ಅಪ್ಪ ಸ್ಟೇರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ತಮ್ಮಾ, ಖರೆ ಹೇಳು. ಪರದಾದ ಮ್ಯಾಲ ಇನ್ನೂ ಮಂಜ ಐತೇನು?"

ಐತಿ ಅಂದುಬಿಡಬಹುದಿತ್ತು. ಕಾರ್ಡು ಸರಿಯಿಲ್ಲ, ವಾಪಸ್ ಕಳಿಸೋಣ ಅಂದಿದ್ದರೆ ಅವನೂ ನಂಬುತ್ತಿದ್ದ, ನನಗೂ ಒಂದು ವಾರದ ಸಮಾಧಾನ. ಆದರೆ ವಾರ ಕಳೆದರೆ ದೀಪಾವಳಿ.

"ಇಲ್ಲಪ್ಪಾ. ಮಂಜಿಲ್ಲ," ಅಂದೆ.

ಅಪ್ಪ ಹೆಗಲ ಟವೆಲ್ಲು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡ. "ಮಷೀನ್ ಕೆಟ್ಟಿರ್ಲೆಪ್ಪಾ ದೇವ್ರ ಅಂತ ನಾಕ ತಿಂಗಳಾತು ಬೇಡ್ಕೊಳಾಕತ್ತು," ಅಂದ. ನಂತರ ನನ್ನ ಕಡೆ ಪೂರ್ತಿ ತಿರುಗಿ ಕೈ ಚಾಚಿದ. "ಎಡಗಡಿ ಲಿಂಬಿಹಣ್ಣ ಕೊಡು. ನಿನ್ನ ಕಿಸೇದಾಗ ಐತೆಲ್ಲ? ಸಪ್ಪಳ ಒಂದ ಆತಲೇ, ಕಿವಿ ಇನ್ನೂ ನೆಟ್ಟಗ ಅದಾವು."

ಕೊಟ್ಟೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮುಧೋಳದಲ್ಲಿ ಕಣ್ಣಿನ ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸಿ, ಬೆಳಕಿನ ಚುಕ್ಕಿ ತೋರಿಸಿ ಪರೀಕ್ಷೆ ಮಾಡಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣೂ ಅಂಚಿನಿಂದ ಒಳಗೆ ಕಿರಿದಾಗುತ್ತಿದೆ ಅಂದರು. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು. "ಒಂದ್ ನಾಕ ತಿಂಗಳ ಮೊದ್ಲ ಬಂದಿದ್ರ ಇನ್ನಷ್ಟು ಉಳೀತಿತ್ರಿ," ಅಂದರು. ಆ ನಾಲ್ಕು ತಿಂಗಳು ನಾನು ಯಾವುದಕ್ಕಾಗಿ ಕಾದಿದ್ದೆ ಎಂದು ಅವರಿಗೆ ಹೇಳಲಿಲ್ಲ. ಇಂದಿಗೂ ಆ ಮಾತು ನೆನೆದರೆ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮನೆಗೆ ಬಂದವನೇ ಅಪ್ಪ ಚಿಮ್ಮಡಕ್ಕೆ ಫೋನ್ ಹಚ್ಚಿಸಿದ. "ಸಾಹುಕಾರ್ರ, ಗಾಡಿ ಹತ್ತಾಕ ಆಗೂದಿಲ್ರಿ. ನಮ್ಮ ಹುಡುಗ ಬ್ಯಾಡ ಅಂತಾನ್ರಿ, ಏನ್ ಮಾಡ್ಲಿ," ಅಂದು ಫೋನನ್ನು ನನ್ನ ಕೈಗಿತ್ತ.

"ಏನ್ರಿ ಮಾಸ್ತರ, ಅಂಥಾ ಡ್ರೈವರ್‌ನ ಮನ್ಯಾಗ ಕಟ್ಟಿ ಹಾಕ್ತೀರೇನು? ಏನ್ ಕಮ್ಮಿ ಆಗೇತಿ ಅವರಿಗೆ?" ಆ ಕಡೆಯಿಂದ ದನಿ ಗಡುಸಾಗಿತ್ತು.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕಿವಿಗೊಟ್ಟು ಕೂತಿದ್ದ.

"ಏನೂ ಕಮ್ಮಿ ಆಗಿಲ್ರಿ. ನಾನ ಬ್ಯಾಡ ಅಂದೇನಿ," ಅಂದೆ.

ಅವರು ಇನ್ನೆರಡು ಮಾತು ಆಡಿ ಫೋನ್ ಇಟ್ಟರು.

"ಏನಂದ್ರೋ?" ಕೇಳಿದ ಅಪ್ಪ.

"ಬಯ್ದ್ರು ನನಗ."

"ಬಯ್ಲಿ ಬಿಡು. ಡ್ರೈವರಂದ ತಪ್ಪ ಅನ್ಲಿಲ್ಲಲ್ಲ?"

"ಇಲ್ಲಪ್ಪಾ," ಅಂದೆ. "ಡ್ರೈವರಂದ ಏನೂ ತಪ್ಪಿಲ್ಲ."