ಶಂಕ್ರವ್ವ ಒಪ್ಪಿದ ಸೀರಿ

ಮೊಬೈಲಿನಾಗ ತರಿಸಿದ ಸೀರಿ ಇವತ್ತು ಬಂತು. ಪೊಟ್ಟಣ ಬಿಚ್ಚಿದ ಕೂಡ್ಲೇ ಹೊಸ ಅರಿವಿ ವಾಸನಿ ಮೂಗಿಗೆ ಬಡದು, ಕುಷ್ಟಗಿಯ ಸೀರಿ ಅಂಗಡಿ ನೆನಪಾತು.

ನಮ್ಮವ್ವ ಒಬ್ಬಾಕಿನ ಹೋಗಿ ಎಂದೂ ಸೀರಿ ತಂದಾಕಿ ಅಲ್ಲ. ಬಾಜೂ ಮನಿ ಶಂಕ್ರವ್ವನ್ನ ಕರಕೊಂಡೇ ಹೋಗಾಕಿ. ಅಂಗಡಿ ಸಾವಕಾರಗೂ ಇದು ಗೊತ್ತಿತ್ತು. ಗಿರಾಕಿ ನಮ್ಮವ್ವ ಆದ್ರೂ ಆತ ಸೀರಿ ಬಿಚ್ಚಿ ಹಾಸತಿದ್ದುದು ಶಂಕ್ರವ್ವನ ಮುಂದ, ಚಾ ಮೊದಲು ಕೊಡತಿದ್ದುದೂ ಆಕಿಗೇ. ಶಂಕ್ರವ್ವ ಸೆರಗನ್ನ ಅವ್ವನ ಹೆಗಲಿಗೆ ಹಾಕಿ, ಹಿಂದ ಸರದು ನಿಂತು, ಕಣ್ಣು ಸಣ್ಣ ಮಾಡಿ ನೋಡಾಕಿ. "ಛಲೋ ಒಪ್ಪತೈತಿ, ತಗೋ ಬೇ," ಅಂದ್ರ ಯಾಪಾರ ಮುಗೀತು.

ಇವತ್ತು ನಾನೂ ಸೆರಗು ಹೆಗಲ ಮ್ಯಾಲ ಹಾಕ್ಕೊಂಡು ಕನ್ನಡಿ ಮುಂದ ನಿಂತೆ. ಈ ಸೀರಿ ಸಾವಿರಾರು ಮಂದಿ ಮೆಚ್ಯಾರ ಅಂತ ಮೊಬೈಲ್ ಹೇಳತೈತಿ. ಅವರಾಗ ಒಬ್ಬಾಕಿನೂ ಹಿಂದ ಸರದು ನಿಂತು ನನ್ನ ನೋಡಿಲ್ಲ.