ಮಠ ಇದ್ದ ಜಾಗಕ್ಕೆ ಅಮ್ಮನ ಜೊತೆ

ಅಮ್ಮ ಉಡುಪಿ ಕಡೆಯ ನಿವೃತ್ತ ಟೀಚರ್. ಮನೆಮಾತು ಕೊಂಕಣಿ, ಆದರೆ ಬುದ್ಧಿ ಹೇಳಲು, ಬೈಯಲು ಅವಳಿಗೆ ಇವತ್ತಿಗೂ ಕನ್ನಡವೇ ಬೇಕು. ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಫ್ಲಾಟಿಗೆ ಬಂದು ನೆಲೆಸಿದ ದಿನ ಆ ಕನ್ನಡದಲ್ಲೇ ಷರತ್ತು ಹಾಕಿದ್ದಳು: "ನಾನು ಸತ್ರೆ ಇಲ್ಲಿ ಹುಗಿಯುದು ಬೇಡ. ಊರಿಗೆ ಕೊಂಡೋಗಿ ನಿನ್ನ ಅಪ್ಪನ ಗುಂಡಿಗೇ ಹಾಕ್ಬೇಕು."

ನಮ್ಮೂರ ಇಗರ್ಜಿಯ ಸಿಮೆಟ್ರಿಯಲ್ಲಿ ಜಾಗ ಕಡಿಮೆ. ಕೆಲವು ವರ್ಷ ಬಿಟ್ಟು ಗುಂಡಿ ತೆಗೆದು, ಸಿಕ್ಕ ಎಲುಬನ್ನು ಮೂಲೆಯ ಎಲುಬಿನ ಬಾವಿಗೆ ಹಾಕಿ, ಹೊಸಬರಿಗೆ ಜಾಗ ಮಾಡುತ್ತಾರೆ. ಶಾಶ್ವತ ಜಾಗ ಕೊಳ್ಳಬಹುದಿತ್ತು, ಅಪ್ಪನೇ ಬೇಡವೆಂದಿದ್ದರು. "ಸತ್ತ ಮೇಲೂ ಸೈಟಿನ ಆಸೆಯಾ?" ಎಂದು ನಗುತ್ತಿದ್ದರು. ಅಮ್ಮನೂ ಒಪ್ಪಿದ್ದಳು. ಗುಂಡಿಯ ಸರದಿ ಬರುವುದರೊಳಗೆ ತಾನೂ ಹೋಗಿಬಿಡುತ್ತೇನೆಂಬ ಧೈರ್ಯ ಅವಳದು.

ಹೋದ ನವೆಂಬರಿನಲ್ಲಿ, ಸತ್ತವರ ದಿನ, ಚಿಕ್ಕಮ್ಮ ಊರಿನಿಂದ ವಿಡಿಯೊ ಕಾಲ್ ಮಾಡಿ ಸಿಮೆಟ್ರಿ ತೋರಿಸಿದಳು. ಸಮಾಧಿಗಳ ಮೇಲೆಲ್ಲ ಹೂವು, ಮೇಣದಬತ್ತಿ. ಅಪ್ಪನ ಶಿಲುಬೆ ಇದ್ದಲ್ಲಿ ಬೇರೆ ಯಾರದ್ದೋ ಹೊಸ ಶಿಲುಬೆ. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆ ದಿನ ಊಟಕ್ಕೂ ಏಳಲಿಲ್ಲ.

ಯಾರಿಗಾದರೂ ದುಃಖವಾದರೆ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು, ಅದು ನನ್ನ ಕಾಯಿಲೆ. ಊರಲ್ಲಿ ಅಮ್ಮ ದಿಕ್ಕಿಲ್ಲದವರ ಸಮಾಧಿಗೂ ಒಂದು ಬತ್ತಿ ಹಚ್ಚುತ್ತಿದ್ದಳು. ಈಸ್ಟ್ ಲಂಡನ್ನಿನಲ್ಲಿ ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಪಂಥದ ಸಂನ್ಯಾಸಿಗಳ ಹಳೆಯ ಮಠವೊಂದಿತ್ತೆಂದು ಓದಿದ್ದೆ. ಬಣ್ಣ ಹಾಕದ ಉಣ್ಣೆಯ ಬಟ್ಟೆ, ಮಿತವಾದ ಮಾತು, ಕೈಯಾರೆ ದುಡಿದ ಊಟ. ಕಟ್ಟಡವೂ ಅವರಂತೆಯೇ: ಚಿತ್ರವಿಲ್ಲದ ಗೋಡೆ, ಬಣ್ಣವಿಲ್ಲದ ಗಾಜು. ಆ ಸಂನ್ಯಾಸಿಗಳಿಗೆ ಅಮ್ಮ ಅಲ್ಲೇ ಒಂದು ಬತ್ತಿ ಹಚ್ಚಲಿ ಎಂದುಕೊಂಡೆ. ಎರಡು ಗೋಡೆಯಾದರೂ ನಿಂತಿರಬಹುದು ಎಂದು ನಂಬಿದ್ದೆ.

ಶನಿವಾರ ಸೇವಂತಿಗೆ, ಮೇಣದಬತ್ತಿ ಹಿಡಿದು ಹೊರಟೆವು. ಕ್ವೀನ್ಸ್‌ಬರಿಯಿಂದ ಜೂಬಿಲಿ ಲೈನ್ ಹತ್ತಿದರೆ ಬದಲಿಸುವುದೇ ಬೇಡ. ವೆಸ್ಟ್ ಹ್ಯಾಮ್‌ನಲ್ಲಿ ಇಳಿದು ನಡೆದೆವು. ಸಿಕ್ಕಿದ್ದು ತಂತಿಬೇಲಿ, ಅದರಾಚೆ ದೊಡ್ಡ ಶೆಡ್ಡು, ಸಾಲಾಗಿ ನಿಂತ ಟ್ಯೂಬ್ ರೈಲುಗಳು. ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು: ನಾವು ಬಂದ ರೈಲುಗಳೇ ಮಲಗುವ ಡಿಪೊ ಅದು, ಮಠದ ಇಗರ್ಜಿ ಇದ್ದದ್ದು ಅಲ್ಲೇ. ನನ್ನ ಬುದ್ಧಿಗಿಷ್ಟು ಬೆಂಕಿ ಎನ್ನಿಸಿತು.

"ಮಠ ಎಲ್ಲುಂಟು?" ಅಮ್ಮ ಕೇಳಿದಳು.

ಸುಮಾರು ಐನೂರು ವರ್ಷದ ಹಿಂದೆ ಇಲ್ಲಿನ ರಾಜ ಮಠಗಳನ್ನು ಮುಚ್ಚಿಸಿದ್ದು, ಜನ ಕಲ್ಲನ್ನೂ ಬಿಡದೆ ಹೊತ್ತೊಯ್ದದ್ದು ಹೇಳಿದೆ. ಪಾಠ ಒಪ್ಪಿಸುವ ಹುಡುಗಿಯ ಹಾಗೆ, ಇಗರ್ಜಿ ಪೂರ್ವಕ್ಕೆ ಮುಖಮಾಡಿತ್ತು ಎಂದು ಕೈಬೀಸಿ ತೋರಿಸಿದೆ. ಅವಳು ರೈಲುಗಳನ್ನೇ ನೋಡುತ್ತಿದ್ದಳು.

"ಅದೆಲ್ಲ ಇರ್ಲಿ. ಎಲುಬು ಎಂತ ಮಾಡಿದ್ರು?"

ಡಿಪೊ ಕಟ್ಟುವಾಗ ಸಂನ್ಯಾಸಿಗಳ ಸಮಾಧಿಗಳು ಸಿಕ್ಕಿದವು. ಅದೇ ಪಂಥದ ಇನ್ನೊಂದು ಮಠದಲ್ಲಿ, ಇಲ್ಲಿಂದ ದೂರ, ಅವರನ್ನು ಮತ್ತೆ ಮಣ್ಣು ಮಾಡಿದರು ಎಂದೆ.

ಅಮ್ಮ ಬೇಲಿಯ ತಂತಿ ಹಿಡಿದು ನಿಂತಳು. "ಮದುವೆ ಇಲ್ಲ, ಮಕ್ಕಳಿಲ್ಲ. ಆದ್ರೂ ಅವರ ಮನೆಯವರೇ ಕರ್ಕೊಂಡೋದ್ರಲ್ಲ."

ಅಪ್ಪನಿಗೆ ನಾವು ಮೂವರು ಮಕ್ಕಳು. ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂತು. ಬತ್ತಿ ಹಚ್ಚಲು ಹೋದೆ. ಅವಳು ಅದನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿದಳು. "ಖಾಲಿ ಮನೆಗೆ ದೀಪ ಎಂತಕ್ಕೆ ಮಾರಾಯ್ತಿ?"

ವಾಪಸು ರೈಲಿನಲ್ಲಿ ಸೇವಂತಿಗೆ ಅವಳ ಮಡಿಲಲ್ಲೇ ಇತ್ತು. ಬೇಕರ್ ಸ್ಟ್ರೀಟ್ ದಾಟಿದ ಮೇಲೆ ನನ್ನ ಮೊಣಕೈ ಮುಟ್ಟಿದಳು.

"ಇನ್ನು ನನ್ನನ್ನು ಊರಿಗೆ ಕೊಂಡೋಗುದು ಬೇಡ."

"ಯಾಕಮ್ಮಾ? ಅಲ್ಲೇ ಬೇಕು ಅಂದಿದ್ದಿಯಲ್ಲ."

"ಅವರೇ ಇಲ್ಲ ಅಲ್ಲಿ. ನಾನು ತಡ ಮಾಡಿದೆ."

ಇಷ್ಟು ದಿನ ಬದುಕಿದ್ದಕ್ಕೇ ಅಮ್ಮ ಪಶ್ಚಾತ್ತಾಪಪಡುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ಕ್ವೀನ್ಸ್‌ಬರಿ ಬಂದದ್ದು ತಿಳಿಯಲಿಲ್ಲ. ಇಬ್ಬರೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬಂದೆವು.